ಹನ್ನೊಂದನೇ ಮಂಚದ ಅವ್ವ

ಹನ್ನೊಂದು ಮಂಚ, ಹತ್ತು ಮುದಿಜೀವ, ಒಂದೇ ಒಲೆ. ಅಂಥದ್ದೊಂದು ಚಿಕ್ಕ ವೃದ್ಧಾಶ್ರಮ. ಒಲೆಯ ಮುಂದೆ ಅಡುಗೆಯ ಕಾಳಮ್ಮ, ಕಾಳಮ್ಮನ ಸೆರಗಿನ ಹಿಂದೆ ಮಗ ಗವಿಯ. ವಯಸ್ಸು ನಲವತ್ತೆರಡು, ಬುದ್ಧಿ ಇನ್ನೂ ಹೊಸಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಯಾವುದಕ್ಕೆ ಹೇಳಿದ್ದು ಎಂಬುದು ಮಾತ್ರ ಅವನ ತಲೆಗೆ ಹೋಗದು.

ಕಾಳಮ್ಮನ ಎದೆ ಕೆಟ್ಟಿತು. ಹೆಚ್ಚು ದಿನ ಇಲ್ಲ ಅಂದರು ಡಾಕ್ಟರು. ಅವಳು ಮೇಟ್ರನ್ ಗ್ರೇಸಮ್ಮನ ಮುಂದೆ ಸೆರಗೊಡ್ಡಿ ನಿಂತಳು.

"ನಾನು ಹೋದ್ಮೇಲೆ ಇವನಿಗೆ ಇಲ್ಲೇ ಒಂದು ಮೂಲೆ ಕೊಡಿ ತಾಯಿ. ಇಲ್ದಿದ್ರೆ ಇವನ ಚಿಕ್ಕಪ್ಪ ಎಳ್ಕೊಂಡೋಗಿ ಕೊಟ್ಟಿಗೆ ಕಂಬಕ್ಕೆ ಕಟ್ತಾನೆ. ಹಿಂದೊಂದ್ಸಲ ಕಟ್ಟಿದ್ದ."

"ಒಂದು ತಿಂಗಳು ನೋಡ್ತೀನಿ. ಕೆಲಸ ಕಲಿತರೆ ಇರಲಿ, ಇಲ್ಲದಿದ್ದರೆ ಇಲ್ಲ. ನನ್ನ ಹತ್ತಿರ ಎರಡು ಮಾತಿಲ್ಲ," ಅಂದರು ಮೇಟ್ರನ್.

ಮೊದಲ ದಿನ ಗವಿಯ ಶ್ಯಾಮರಾಯರಿಗೆ ಕಾಫಿ ಕೊಟ್ಟ. ಕೊತಕೊತ ಕುದಿಯುವ ಕಾಫಿ! ರಾಯರ ನಾಲಿಗೆ ಸುಟ್ಟು ಬೊಬ್ಬೆ ಎದ್ದಿತು.

"ಅಯ್ಯೋ ಪೆದ್ದೇ!" ತಲೆ ಚಚ್ಚಿಕೊಂಡಳು ಕಾಳಮ್ಮ. "ಮುದುಕರಿಗೆ ಏನು ಕೊಟ್ರೂ ಆರಿಸಿ ಕೊಡ್ಬೇಕು ಕಣೋ!"

"ಆಗ್ಲವ್ವಾ," ಅಂದ ಗವಿಯ.

ಮಾರನೇ ದಿನ ಅಕ್ಕಯಮ್ಮನ ಮಂಡಿಗೆ ಶಾಖ ಕೊಡಲು ಬಿಸಿನೀರಿನ ಚೀಲ ಬೇಕಾಯಿತು. ಗವಿಯ ಚೀಲವನ್ನು ಫ್ಯಾನಿನ ಕೆಳಗಿಟ್ಟ. ಕೂತ. ಗಾಳಿ ಬೀಸಿದ. ಪೂರ್ತಿ ತಣ್ಣಗಾದ ಮೇಲೆ ಒಯ್ದು ಮಂಡಿ ಮೇಲಿಟ್ಟ.

"ಯಪ್ಪಾ! ಜೀವ ಹೋಯ್ತಲ್ಲೋ ನಂದು!" ಕಿರುಚಿದಳು ಅಕ್ಕಯಮ್ಮ.

"ಅಯ್ಯೋ ಪೆದ್ದೇ! ಕಾಯಿಲೆಯೋರ ವಸ್ತುನ ಕಂಬಳಿ ಸುತ್ತಿ ಬೆಚ್ಚಗಿಡ್ಬೇಕು ಕಣೋ!"

"ಆಗ್ಲವ್ವಾ."

ಮೂರನೇ ದಿನ ಶ್ಯಾಮರಾಯರ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಸೀಸೆಗಳು ಬಂದವು. ಫ್ರಿಜ್ಜಿನಲ್ಲಿಡು ಅಂದರು ಮೇಟ್ರನ್. ಅವರು ಅತ್ತ ಹೋದರೋ ಇಲ್ಲವೋ, ಗವಿಯ ಸೀಸೆಗಳಿಗೆ ಕಂಬಳಿ ಸುತ್ತಿ, ಮಗು ಮಲಗಿಸಿದ ಹಾಗೆ ಒಲೆಯ ಪಕ್ಕ ಮಲಗಿಸಿದ. ಔಷಧಿ ಪೂರಾ ಕೆಟ್ಟುಹೋಯಿತು.

"ಅಯ್ಯೋ ಪೆದ್ದೇ, ನನ್ನ ಹೊಟ್ಟೆ ಉರಿಸ್ತೀಯಲ್ಲೋ! ಇನ್ಮೇಲೆ ಏನೂ ಮುಟ್ಬೇಡ. ‘ಮುಟ್ಲಾ?’ ಅಂತ ಕೇಳು. ಅವರು ಹೂಂ ಅಂದ್ಮೇಲೆ ಮುಟ್ಟು!"

"ಆಗ್ಲವ್ವಾ."

ಅದೇ ವಾರ ಅಕ್ಕಯಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಪ್ರಜ್ಞೆ ತಪ್ಪಿತು. ಮೊದಲು ನೋಡಿದವನು ಗವಿಯ. ಬಾಗಿಲಲ್ಲಿ ಕೈಕಟ್ಟಿ ನಿಂತ.

"ಅಕ್ಕಯಮ್ಮೋರೇ, ಮುಟ್ಲಾ?"

ಕುತ್ತಿಗೆ ಚಾಚಿ ಇನ್ನೊಮ್ಮೆ ಕೇಳಿದ.

"ಮುಟ್ಲಾ ಅಕ್ಕಯಮ್ಮೋರೇ? ಹೂಂ ಅನ್ನಿ. ಒಂದೇ ಒಂದು ಸಲ ಹೂಂ ಅನ್ನಿ!"

ಅರ್ಧ ಗಂಟೆ ಹೀಗೇ ಕೇಳಿದ. ಕಣ್ಣಲ್ಲಿ ಬಳಬಳ ನೀರು. ಕಾಲು ಮಾತ್ರ ಕದಲಲಿಲ್ಲ. ಕೊನೆಗೆ ಮೇಟ್ರನ್ ಬಂದು ಎತ್ತಿದರು. ಜೀವ ಉಳಿಯಿತು, ಕೈ ಮುರಿದಿತ್ತು.

"ಮುಗೀತು ಕಾಳಮ್ಮ," ಅಂದರು ಮೇಟ್ರನ್. "ಇದು ಜೀವ ಕಾಯೋ ಮನೆ. ತಿಂಗಳು ತುಂಬಿದ ದಿನ ಇವನ ಚಿಕ್ಕಪ್ಪನಿಗೆ ಹೇಳಿಕಳಿಸ್ತೀನಿ."

ಕಾಳಮ್ಮನಿಗೆ ಬೈಯಲೂ ಉಸಿರು ಸಾಲಲಿಲ್ಲ. ಹೊಸಿಲಲ್ಲೇ ಕುಸಿದು ಕೂತಳು. "ಮಾತಾಡದೆ ಬಿದ್ದೋರ್ನ ಕೇಳ್ತಾ ನಿಲ್ಬಾರ್ದು ಮಗಾ. ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋಬೇಕು. ಹೆದರಿರ್ತಾರೆ. ಅವರಾಗಿ ಬಿಡಿಸ್ಕೊಳ್ಳೋವರೆಗೂ ಬಿಡ್ಬಾರ್ದು."

"ಆಗ್ಲವ್ವಾ."

ಅವಳನ್ನು ಖಾಲಿಯಿದ್ದ ಹನ್ನೊಂದನೇ ಮಂಚದಲ್ಲಿ ಮಲಗಿಸಿದರು. ತಿಂಗಳು ತುಂಬಿದ ದಿನ ಚಿಕ್ಕಪ್ಪನಿಗೆ ಹೇಳಿಕಳಿಸಿದ್ದಾಯಿತು. ಆ ದಿನವೇ ಬೆಳಗ್ಗೆ ಕಾಳಮ್ಮನ ಮಾತು ನಿಂತಿತು. ಗವಿಯ ಪಕ್ಕದಲ್ಲಿ ಕೂತು ಕೈ ಹಿಡಿದ. ಹೊತ್ತು ಏರಿದಾಗ ಉಸಿರೂ ನಿಂತಿತು. ಗವಿಯ ಹಿಡಿದೇ ಇದ್ದ. ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ಚಟ್ಟ ಬಂತು, ಏಳಲಿಲ್ಲ. ಚಿಕ್ಕಪ್ಪ ಬಂದ.

"ಬಿಡೋ ಹೆಣಾನ!"

"ಅವ್ವ ಇನ್ನೂ ಬಿಡಿಸ್ಕೊಂಡಿಲ್ಲ."

"ಪೆದ್ಮುಂಡೇದೇ, ಸತ್ತೋರು ಬಿಡಿಸ್ಕೊಳ್ತಾರೇನೋ!" ಚಿಕ್ಕಪ್ಪ ರಟ್ಟೆ ಹಿಡಿದು ಎಳೆದ. ಗವಿಯನ ಜೊತೆ ಕಾಳಮ್ಮನ ಕೈಯೂ ಮೇಲೆದ್ದಿತು. ನೋಡಿದವರು ಮುಖ ತಿರುಗಿಸಿದರು. "ಮನೆಗೆ ನಡಿ, ಹಗ್ಗ ಐತೆ ನಿಂಗೆ."

ಮೇಟ್ರನ್ ಮಂಚದ ಇನ್ನೊಂದು ಮಗ್ಗುಲಲ್ಲಿ ಕೂತರು. ಹನ್ನೊಂದು ಮಂಚದ ಆ ಮನೆಯಲ್ಲಿ ಎಷ್ಟೋ ಸಾವು ಕಂಡವರು. ಇಷ್ಟು ಹೊತ್ತು ಕೈ ಹಿಡಿದು ಕೂತವರನ್ನು ಕಂಡಿರಲಿಲ್ಲ. ಕಾಳಮ್ಮನ ತಣ್ಣಗಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೆಲ್ಲಗೆ ಈಚೆಗೆ ಎಳೆದುಕೊಂಡರು. "ನೋಡು ಗವಿಯಾ. ನಿಮ್ಮವ್ವನೇ ಬಿಡಿಸ್ಕೊಂಡ್ಲು." ಸುಳ್ಳಾಡಿ ಅಭ್ಯಾಸವಿಲ್ಲದ ಹೆಂಗಸು, ಅವನ ಕಣ್ಣು ತಪ್ಪಿಸಿ ಹೇಳಿದರು.

ಗವಿಯ ಕೈ ಬಿಟ್ಟ.

"ಆ ಹಗ್ಗ ನಿಮ್ಮ ಎತ್ತುಗಳಿಗೇ ಇರಲಿ," ಅಂದರು ಮೇಟ್ರನ್, ಚಿಕ್ಕಪ್ಪನ ಕಡೆ ತಿರುಗಿಯೂ ನೋಡದೆ.

ಮಣ್ಣು ಮಾಡಿ ಬಂದ ಮೇಲೆ ಗವಿಯನಿಗೆ ಹೇಳಿದರು: "ಈ ಮಂಚಕ್ಕೆ ಹೊಸಬರು ಬರ್ತಾರೆ. ಅವರನ್ನ ನಿಮ್ಮವ್ವನ ಹಾಗೇ ನೋಡ್ಕೋ."

ಗವಿಯ ತಲೆಯಾಡಿಸಿದ. ಎಂಟು ದಿನ ಮಂಚ ಖಾಲಿ. ಕಾಫಿ ಚೆಲ್ಲಿದ, ತಟ್ಟೆ ಒಡೆದ. ಪಾಪ ಅಂತ ಒಬ್ಬರೂ ಬೈಯಲಿಲ್ಲ. ತಪ್ಪು ಮಾಡಿದಾಗಲೆಲ್ಲ ಒಲೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ, ಅಷ್ಟೇ.

ಒಂಬತ್ತನೇ ದಿನ ಹೊಸಬರು ಬಂದರು. ರಿಟೈರಾದ ದಫೇದಾರ್ ಮರೀಗೌಡರು. ಆರಡಿ ಆಳು, ಬೋಳು ತಲೆ, ಗಿರಿಜಾ ಮೀಸೆ. ಊಟವಾಗಿ ಗೊರಕೆ ಹೊಡೆದರು.

ಅವ್ವ ಮಲಗಿದ್ದಾಗ ಗವಿಯ ಏನು ಮಾಡುತ್ತಿದ್ದ? ಎಣ್ಣೆ ಹಚ್ಚಿ, ತಲೆ ಬಾಚಿ, ತುರುಬು ಕಟ್ಟುತ್ತಿದ್ದ. ಅವಳ ಹಳೇ ಸೀರೆ ಹೊದಿಸುತ್ತಿದ್ದ. ಎಲ್ಲವನ್ನೂ ಹಾಗೇ ಮಾಡಿದ. ತುರುಬಿಗೆ ಕೂದಲಿಲ್ಲ, ತಲೆಯೆಲ್ಲ ಹುಡುಕಿದ. ಮೀಸೆ ಇತ್ತಲ್ಲ! ಬಾಚಿ, ಎರಡು ಕಡೆಗೂ ಕೆಂಪು ದಾರದಲ್ಲಿ ಪುಟ್ಟ ತುರುಬು ಕಟ್ಟಿದ.

ದಫೇದಾರರು ಎದ್ದರು. ಮೀಸೆ ಮುಟ್ಟಿ ನೋಡಿಕೊಂಡರು. ಸೀರೆ ಕಂಡರು.

"ಯಾವನ್ಲೇ ಇದು ಮಾಡಿದ್ದು! ಅಯ್ಯೋ ಪೆದ್ದ ಶಿಖಾಮಣಿ! ನಿನ್ನ ತಲೇಲಿ ಮಣ್ಣು ತುಂಬೈತೇನ್ಲಾ!"

ಹತ್ತು ಮಂಚಗಳೂ ನಡುಗಿದವು. ಗವಿಯನ ಮುಖ ಮಾತ್ರ ಎಂಟು ದಿನದಲ್ಲಿ ಮೊದಲ ಸಲ ಅರಳಿತು. ಮಂಚದ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತು, ಆ ಮೀಸೆಯ ಮುಖವನ್ನೇ ನೋಡುತ್ತಾ ಕೇಳಿದ:

"ಬೈದಾಯ್ತಾ ಅವ್ವಾ? ಈಗ ಹೆಂಗ್ ಮಾಡ್ಬೇಕು, ಹೇಳು."