ಕರಿಯಕ್ಕನ ಹಿಂದಿನ ಹುಲ್ಲು

ಕಾಡೆಮ್ಮೆಗಳ ಹಿಂಡಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಎದ್ದೊಡನೆ ಪ್ರತಿಯೊಬ್ಬಳೂ ತನಗೆ ಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲುವಳು. ಹೆಚ್ಚು ಮುಖಗಳು ತಿರುಗಿದ ಕಡೆಗೆ ಹಿಂಡು ಹೊರಡುವುದು. ಆ ದಿಕ್ಕನ್ನು ಮೊದಲು ಹಿಡಿದವಳು ಮುಂದೆ ನಡೆಯುವಳು, ಮೊದಲು ಮೇಯುವಳು. ಹತ್ತು ವರ್ಷ ಹಾಗೆ ಮುಂದೆ ನಡೆದವಳು ಕರಿಯಕ್ಕ.

ಆ ವರ್ಷ ಕಣಿವೆಯಲ್ಲಿ ಮೇವು ಸಾಲದೆ ಕರುಗಳು ಸೊರಗಿದವು. ಸೀಳುಗಿವಿ ಎಂಬ ಎಮ್ಮೆ ಬಂದು, “ಅಕ್ಕಾ, ನನ್ನ ಕೆಚ್ಚಲು ಬತ್ತಿದೆ. ಕರು ಉಳಿಯಬೇಕಾದರೆ ಗುಡ್ಡದಾಚೆ ಹೋಗೋಣ” ಎಂದಳು.

“ಹುಲ್ಲು ಮೊಣಕಾಲುದ್ದ ನಿಂತಿದೆ. ನಿನ್ನೆಯೂ ನಾನು ಹೊಟ್ಟೆ ಬಿರಿಯುವಂತೆ ಮೇಯ್ದೆ. ಸುಳ್ಳೇಕೆ ಹೇಳುತ್ತೀಯೇ?” ಎಂದಳು ಕರಿಯಕ್ಕ. ತಾನು ಕಂಡದ್ದನ್ನೇ ಅವಳು ಹೇಳಿದ್ದಳು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕಣಿವೆಗೆ ಮುಖ ಮಾಡಿ ನಿಂತಳು. ಹಿಂದಿರುಗಿ ನೋಡಿದರೆ ಕಂಡದ್ದು ಬರೀ ಬಾಲಗಳು. ಹಿಂಡೆಲ್ಲ ಗುಡ್ಡಕ್ಕೆ ಮುಖ ಮಾಡಿತ್ತು. ಯಾರೂ ಬೈಯಲಿಲ್ಲ, ಯಾರೂ ಹಾಯಲಿಲ್ಲ. ಹರೆಯದ ಎಮ್ಮೆಯೊಂದು ಮುಂದೆ ನಡೆಯಿತು, ಉಳಿದವರು ಅದರ ಹಿಂದೆ ಹೊರಟರು.

ಕರಿಯಕ್ಕ ಕೊನೆಯ ಸಾಲಿನಲ್ಲಿ ಸೀಳುಗಿವಿಯ ಪಕ್ಕಕ್ಕೆ ಬಂದಳು. ಸ್ವಲ್ಪ ದೂರ ಹೋಗಿ ಮೇಯಲು ಬಾಯಿ ಹಾಕಿದಳು. ಮುಂದಿನವರು ಮೇಯ್ದು ತುಳಿದು ಹೋದ ನೆಲದಲ್ಲಿ ಬುಡದ ಮೋಟುಗಳು ಮಾತ್ರ ಉಳಿದಿದ್ದವು. ಬಾಯಿಗೆ ಮಣ್ಣು ಬಂತು.

“ಇಷ್ಟು ವರ್ಷ ನೀವು ತಿಂದದ್ದು ಇದನ್ನೇನೇ?”

“ಇದನ್ನೇ ಅಕ್ಕಾ. ನಾನೊಬ್ಬಳೇ ಆಗಿದ್ದರೆ ಇನ್ನೂ ತಾಳುತ್ತಿದ್ದೆ” ಎಂದ ಸೀಳುಗಿವಿ, ನಿಂತುಬಿಟ್ಟಿದ್ದ ಕರುವನ್ನು ಮೂತಿಯಿಂದ ಮುಂದಕ್ಕೆ ತಳ್ಳಿದಳು.