ನೂರು ಕೋಟಿ ಏಳು

ಕರಾರು ಇಷ್ಟೇ: ಕೊಟ್ಟ ಸಂಖ್ಯೆ, ಒಂದನ್ನೂ ತನ್ನನ್ನೂ ಬಿಟ್ಟು, ಬೇರೆ ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಹೇಳಬೇಕು. ಯಾವುದರಿಂದಲೂ ಆಗದಿದ್ದರೆ ಅದನ್ನು ತೋರಿಸಿಕೊಡಬೇಕು. ತೋರಿಸಿದವನ ಪಾಠ ಮುಗಿಯಿತು, ಮರುದಿನ ಹೊರಡಬೇಕು.

ಹೊಳೆದಂಡೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಪಾಯಣ್ಣ ಉಪಾಧ್ಯಾಯರು ಒಬ್ಬೊಬ್ಬ ಶಿಷ್ಯನಿಗೂ ಒಂದೊಂದು ಸಂಖ್ಯೆ ಕೊಟ್ಟರು. ಜಾಣರು ಬೇಗ ಹೋದರು, ದಡ್ಡರು ತಡವಾಗಿ ಹೋದರು. ಯಾರೂ ತಿರುಗಿ ಬರಲಿಲ್ಲ. ಬರುವ ಕೆಲಸವೂ ಇರಲಿಲ್ಲ.

ಉಳಿದವನು ಧರಣಪ್ಪ. ಅವನಿಗೆ ಸಿಕ್ಕಿದ್ದು ನೂರು ಕೋಟಿ ಏಳು.

ಮೊದಲ ದಿನ ಉತ್ಸಾಹದಿಂದಲೇ ಹೇಳಿದ್ದ: “ಬೆಸ ಸಂಖ್ಯೆ, ಎರಡು ಹೋಯಿತು. ಅಂಕಿ ಕೂಡಿದರೆ ಎಂಟು, ಮೂರೂ ಹೋಯಿತು. ಕೊನೆಗೆ ಏಳಿದೆ, ಐದರ ಮಾತೇ ಇಲ್ಲ.”

ವರ್ಷಗಳು ಕಳೆದವು. ಮರಳಿನ ಹಲಗೆಯ ಮೇಲೆ ಅವನು ಭಾಗಿಸುತ್ತಲೇ ಇದ್ದ.

ಒಂದು ಸಂಜೆ ಗುರುಗಳು ಪಕ್ಕದಲ್ಲಿ ಕೂತರು. “ಎಲ್ಲಿಗೆ ಬಂತಪ್ಪಾ?”

“ನಲವತ್ತು ಸಾವಿರ ದಾಟಿತು, ಗುರುಗಳೇ. ಇನ್ನೂ ಸಿಕ್ಕಿಲ್ಲ.”

“ಭಾಜಕ ಒಂಟಿಯಾಗಿ ಬರುತ್ತದೋ, ಜೋಡಿಯಾಗಿಯೋ?”

“ಜೋಡಿಯಾಗಿ. ಹದಿನೈದರಲ್ಲಿ ಮೂರಿದ್ದರೆ ಜೊತೆಗೆ ಐದು.”

“ಜೋಡಿಯಲ್ಲಿ ಎರಡೂ ದೊಡ್ಡವಾದರೆ?”

“ಗುಣಿಸಿದಾಗ ಸಂಖ್ಯೆಯನ್ನೇ ಮೀರುತ್ತವೆ. ಚಿಕ್ಕದು ವರ್ಗಮೂಲದೊಳಗೇ ಇರಬೇಕು.”

“ಇದರ ವರ್ಗಮೂಲ?”

“ಮೂವತ್ತೊಂದು ಸಾವಿರದ ಆರುನೂರ ಚಿಲ್ಲರೆ.”

“ಹಾಗಾದರೆ ನಲವತ್ತು ಸಾವಿರದಲ್ಲಿ ಏನು ಹುಡುಕುತ್ತಿದ್ದೀಯೋ, ಮಾರಾಯ? ಕಳೆದುಹೋದ ಎಮ್ಮೆಯನ್ನೇ?”

ಧರಣಪ್ಪ ತಲೆ ಎತ್ತಲಿಲ್ಲ. “ಹೋದ ಮಳೆಗಾಲಕ್ಕೇ ಮುಗಿದಿತ್ತು. ಅದು ಅವಿಭಾಜ್ಯ.”

“ಯಾಕೆ ಹೇಳಲಿಲ್ಲ?”

“ಹೇಳಿದರೆ ಹೊರಡಬೇಕಲ್ಲ. ನಿಮಗೆ ಗಂಜಿ ಕಾಯಿಸುವವರು ಯಾರು?”

“ನನ್ನ ಗಂಜಿಯ ನೆಪ ಹೇಳಬೇಡ. ಊರಲ್ಲಿ ನಿನಗೆ ಯಾರಿದ್ದಾರೆ?”

“ಯಾರೂ ಇಲ್ಲ.”

ಹೊಳೆಯ ಆಚೆ ದಡ ಮಸುಕಾಗುತ್ತಿತ್ತು.

“ನೀವೂ ಬಲ್ಲಿರಿ,” ಎಂದ ಶಿಷ್ಯ. “ನಾನು ಮೂವತ್ತೆರಡು ಸಾವಿರ ಅಂದ ದಿನ ನೀವು ಸುಮ್ಮನಿದ್ದಿರಿ.”

“ಇದ್ದೆ. ನನಗೂ ಎದುರಿಗೊಬ್ಬ ಕೂತು ಉಣ್ಣುವುದು ರೂಢಿಯಾಗಿತ್ತು.” ಗುರುಗಳು ಅಂಗೈಯಿಂದ ಮರಳನ್ನು ಸಮ ಮಾಡಿದರು. “ಆದರೆ ಕರಾರು ಕರಾರೇ. ಬೆಳಗ್ಗೆ ಹೊರಡು.”

ಬೆಳಗ್ಗೆ ಧರಣಪ್ಪ ಎದ್ದಾಗ ಒಲೆ ಆಗಲೇ ಉರಿಯುತ್ತಿತ್ತು. ಗುರುಗಳೇ ಊದಿ ಹಚ್ಚಿದ್ದರು, ಕಣ್ಣು ಕೆಂಪಾಗಿತ್ತು. ಶಿಷ್ಯನ ಗಂಜಿ ಬಟ್ಟಲನ್ನು ತೊಳೆದು ಅವನ ಗಂಟಿನಲ್ಲಿ ಇಟ್ಟಿದ್ದರು. ಗೂಡಿನಲ್ಲಿ ಒಂದೇ ಬಟ್ಟಲು ಉಳಿದಿತ್ತು.

ಧರಣಪ್ಪ ಕಾಲಿಗೆರಗಿದ. ಏಳುತ್ತಾ ಕೇಳಿದ, “ಇಷ್ಟು ವರ್ಷ ಹುಡುಕಿ ನನಗೆ ದಕ್ಕಿದ್ದೇನು, ಗುರುಗಳೇ?”

“ಎರಡು ಭಾಜಕ. ಒಂದು, ಮತ್ತೆ ಅದೇ ಸಂಖ್ಯೆ. ಅಷ್ಟನ್ನೇ ಇಟ್ಟುಕೊಂಡು ಅದು ನೂರು ಕೋಟಿ ದಾಟಿ ನಿಂತಿದೆ.”