ಓದದೆ ಮುಚ್ಚಿದ ದೂರು

"ಗುರುಗಳೇ, ನಾನು ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಎದ್ದುಬಿಡಬೇಕು ಅಂತಿದ್ದೇನೆ. ಯಾರ ಕೈಗೆ ಕೊಡಲಿ?"

ಹೀಗೆ ಕೇಳಿದವನು ಪಂಪಾಪತಿ. ಕೇಳಿಸಿಕೊಂಡವರು ಯರ್ರಿಸ್ವಾಮಿ ಗುರುಗಳು. ಪಾಲಿಟೆಕ್ನಿಕ್‌ನಲ್ಲಿ ಅವನಿಗೆ ಕೋಡ್ ಬರೆಯಲು ಕಲಿಸಿದವರು ಅವರೇ. ನಿವೃತ್ತರಾದ ಮೇಲೂ ಹಳೆಯ ಶಿಷ್ಯರು ತಮ್ಮ ತಾಪತ್ರಯಗಳನ್ನು ಹೊತ್ತುಕೊಂಡು ಅವರ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು.

ಪಂಪಾಪತಿಯ ತಾಪತ್ರಯ ಅವನೇ ಹುಟ್ಟಿಸಿದ್ದು. ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಉಪಕರಣಗಳಿರುತ್ತವೆ. ಅವು ಕಳಿಸುವ ಅಂಕಿಗಳನ್ನು ಓದಿ ಹೇಳುವ ಒಂದು ಸಣ್ಣ ಪ್ಯಾಕೇಜನ್ನು ಅವನು ಬರೆದು, ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದ. ಯಾರು ಬೇಕಾದರೂ ಅದರ ಕೋಡ್ ತೆರೆದು ನೋಡಬಹುದು, ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದು, ತಪ್ಪು ಕಂಡರೆ ದೂರು ಬರೆಯಬಹುದು. ಹಾಗೆ ಜೋಡಿಸಿಕೊಂಡವರು ಎಲ್ಲೆಲ್ಲಿದ್ದಾರೆ ಎಂದು ಅವನಿಗೇ ಗೊತ್ತಿರಲಿಲ್ಲ. ಅವನು ಹೊಸ ಆವೃತ್ತಿ ಬಿಟ್ಟರೆ ಅದು ಅವರೆಲ್ಲರ ಕಂಪ್ಯೂಟರುಗಳಿಗೆ ಹೋಗಿ ಕೂರುತ್ತಿತ್ತು. ಆ ಅಂಕಿ ನೋಡಿಯೇ ಎಷ್ಟೋ ಕಡೆ ಕಾಲುವೆಯ ಗೇಟು ಎತ್ತುತ್ತಿದ್ದರು, ಇಳಿಸುತ್ತಿದ್ದರು.

ಊಟಕ್ಕೆ ಕೂತರೆ ದೂರು, ಹಬ್ಬದ ದಿನವೂ ದೂರು. ಹೆಂಡತಿ ಅವನೊಡನೆ ಮಾತು ಬಿಡುವ ಹಂತಕ್ಕೆ ಬಂದಿದ್ದಳು. ಪಂಪಾಪತಿಗೆ ಸಾಕುಸಾಕಾಗಿತ್ತು.

"ಮನಸ್ಸಿನಲ್ಲಿ ಯಾರನ್ನೋ ಇಟ್ಟುಕೊಂಡೇ ಬಂದಿರುವೆ. ಹೇಳು," ಎಂದರು ಗುರುಗಳು.

"ಒಬ್ಬಾತ ಇದ್ದಾನೆ, ಬಹಳ ಒಳ್ಳೆಯವನು. ಏನಾದರೊಂದು ಹೊಸದು ಬರೆದು ಕಳಿಸುತ್ತಲೇ ಇರುತ್ತಾನೆ, ಮಾತೂ ಮೃದು. ಇನ್ನೊಬ್ಬನಿದ್ದ, ಬರೀ ತಕರಾರು. ನಿನ್ನೆಯೂ ಅವನದೊಂದು ದೂರು ಬಂತು. ಓದುವ ಗೋಜಿಗೇ ಹೋಗದೆ ಮುಚ್ಚಿದೆ. ಅವನನ್ನೂ ಬ್ಲಾಕ್ ಮಾಡಿದೆ. ಅಬ್ಬಾ, ಒಂದು ಪೀಡೆ ಕಳೆಯಿತು."

ಪಂಪಾಪತಿ ನಕ್ಕ. ಗುರುಗಳು ನಗಲಿಲ್ಲ. "ಹಾಗಾದರೆ ಒಂದು ಕತೆ ಕೇಳು ತಮ್ಮಾ," ಎಂದು ಹೇಳತೊಡಗಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಅವನೂ ನಿನ್ನಂತೆಯೇ ಒಂದು ಪ್ಯಾಕೇಜ್ ಬರೆದು ಊರಿಗೆಲ್ಲ ಹಂಚಿದ. ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್ ಇರುತ್ತದಲ್ಲ, ಅದರೊಳಗಿನ ಥರ್ಮಾಮೀಟರ್ ಕಳಿಸುವ ಅಂಕಿ ಓದುವುದು ಆ ಪ್ಯಾಕೇಜಿನ ಕೆಲಸ. ಫ್ರಿಜ್ ಬಿಸಿಯಾದರೆ ಅದು ಕೂಗಿ ಎಚ್ಚರಿಸಬೇಕು. ಅಷ್ಟೇ ಕೆಲಸ. ಆದರೆ ಅಷ್ಟು ಕೆಲಸವನ್ನು ಅದು ತಪ್ಪದೆ ಮಾಡಬೇಕು.

ಅದನ್ನು ಬಳಸುವವರಲ್ಲಿ ಒಬ್ಬ ಜಗಳಗಂಟನಿದ್ದ. ಆಸ್ಪತ್ರೆಗಳಿಗೆ ಫ್ರಿಜ್ ಕೂಡಿಸಿಕೊಡುವುದು ಅವನ ಉದ್ಯೋಗ. ಅವನ ಬಾಯಿಂದ ಒಂದು ಒಳ್ಳೆಯ ಮಾತು ಹೊರಟದ್ದಿಲ್ಲ. 'ಬಿಡುಗಡೆ ಮಾಡುವ ಮುಂಚೆ ಒಮ್ಮೆಯಾದರೂ ಓಡಿಸಿ ನೋಡಿದಿರೋ ಇಲ್ಲವೋ' ಎಂದು ಬರೆಯುವನು. 'ಈ ಸಾಲನ್ನು ನಿದ್ದೆಗಣ್ಣಿನಲ್ಲಿ ಬರೆದಿರಾ' ಎಂದು ಕೇಳುವನು. ಓದಿದ ಪ್ರೋಗ್ರಾಮರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹೋಗಿ ನೋಡಿದರೆ, ಹೇಳಿದ ಜಾಗದಲ್ಲಿ ತಪ್ಪು ಇದ್ದೇ ಇರುತ್ತಿತ್ತು. ಹಲ್ಲು ಕಚ್ಚಿಕೊಂಡು ತಿದ್ದುತ್ತಿದ್ದ.

ಒಮ್ಮೆ ಆ ಜಗಳಗಂಟ ಬರೆದ: ಥರ್ಮಾಮೀಟರ್ ನಿಂತುಹೋದರೆ ಅಂಕಿ ಬರುವುದಿಲ್ಲ, ಆಗ ನಿಮ್ಮ ಪ್ಯಾಕೇಜ್ ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತ ಕೂರುತ್ತದೆ, ಒಳಗೆ ಲಸಿಕೆ ಕೆಟ್ಟುಹೋಗುತ್ತಿದ್ದರೂ ಹೊರಗೆ ಎಲ್ಲ ತಣ್ಣಗಿದೆ ಎನ್ನುತ್ತದೆ. ಪ್ರೋಗ್ರಾಮರ್ ಬೆವತುಹೋದ. ಅಂಕಿ ಬರುವುದು ನಿಂತರೂ ಕೂಗಬೇಕು ಎಂದು ನಾಲ್ಕು ಸಾಲು ಸೇರಿಸಿದ. ಆದರೆ ಒಂದು ಥ್ಯಾಂಕ್ಸ್ ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಬೈಸಿಕೊಂಡು ಯಾರು ಥ್ಯಾಂಕ್ಸ್ ಹೇಳುತ್ತಾರೆ ಹೇಳು?

ಅಷ್ಟರಲ್ಲಿ ಇನ್ನೊಬ್ಬ ಬಂದ, ಮೃದುಮಾತಿನವನು. 'ಸರ್, ನಿಮ್ಮ ಕೋಡ್ ಓದಿ ಎಷ್ಟೆಲ್ಲ ಕಲಿತೆ' ಎಂದು ಬರೆದ. ಪ್ರೋಗ್ರಾಮರ್‌ಗೆ ಕಣ್ಣಲ್ಲಿ ನೀರೇ ಬಂತು. ಅಷ್ಟು ಕಾಲ ದುಡಿದಿದ್ದಕ್ಕೆ ಅವನು ಕೇಳಿದ ಮೊದಲ ಒಳ್ಳೆಯ ಮಾತು ಅದು. ಮೃದುಮಾತಿನವನು ಅಂಕಿಗಳಿಗೆ ಚಂದದ ಹಸಿರು ಗ್ರಾಫ್ ಮಾಡಿ ಕಳಿಸಿದ. ದೂರು ತಂದವರಿಗೆಲ್ಲ ತಾನೇ ಮುಂದೆ ಬಂದು ನಯವಾಗಿ ಉತ್ತರ ಕೊಟ್ಟ. ಅವನು ಮೋಸಗಾರನಲ್ಲ ತಮ್ಮಾ, ಹಾಗೆ ತಿಳಿಯಬೇಡ. ನಾಲ್ಕು ಜನ ತನ್ನನ್ನು ಮೆಚ್ಚಬೇಕು ಅನ್ನುವ ಆಸೆ ಇತ್ತು. ಅದು ಯಾರಿಗಿಲ್ಲ?

ಪ್ರೋಗ್ರಾಮರ್ ದಣಿದಿದ್ದ. ಕೀಲಿಯನ್ನು ಮೃದುಮಾತಿನವನ ಕೈಗೆ ಕೊಟ್ಟ. ಕೀಲಿ ಎಂದರೆ ನಿನಗೆ ಗೊತ್ತು, ಹೊಸ ಆವೃತ್ತಿ ಬಿಡುವ ಅಧಿಕಾರ. ಕೊಡುವ ಮುಂಚೆ, ಮನೆ ಖಾಲಿ ಮಾಡುವವರು ಕಸ ಗುಡಿಸಿ ಹೋಗುವಂತೆ, ಒಂದು ಉಪಕಾರವನ್ನೂ ಮಾಡಿ ಹೋದ. ಹೊಸಬನಿಗೆ ಕಾಟ ಇರದಿರಲಿ ಎಂದು ಜಗಳಗಂಟನನ್ನು ಬ್ಲಾಕ್ ಮಾಡಿದ. ಅಂದು ಅವನು ಹೊಟ್ಟೆ ತುಂಬ ಉಂಡು, ಹೆಂಡತಿ ಮಕ್ಕಳ ಜೊತೆ ಹರಟೆ ಹೊಡೆದ. ಅವನ ದಣಿವು ಸುಳ್ಳಲ್ಲ. ಅವನಿಗೂ ಒಂದು ಬದುಕು ಬೇಕಿತ್ತು.

ಬೇಸಿಗೆ ಬಂತು. ಕರೆಂಟು ಹೋಗುವುದು, ಬರುವುದು ಶುರುವಾಯಿತು. ಹೋಗಿ ಬಂದಾಗಲೆಲ್ಲ ಅಂಕಿ ಒಂದು ಗಳಿಗೆ ನಿಲ್ಲುವುದು, ಪ್ಯಾಕೇಜ್ ಕೂಗಿಕೊಳ್ಳುವುದು. 'ಇದರ ಕೂಗಿಗೆ ತಲೆ ಚಿಟ್ಟು ಹಿಡಿದುಹೋಯಿತು' ಎಂದು ಎಲ್ಲ ಕಡೆಯಿಂದ ದೂರು ಬಂತು. ಮೃದುಮಾತಿನವನಿಗೆ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ. ಆ ನಾಲ್ಕು ಸಾಲುಗಳನ್ನು ತೆಗೆದುಹಾಕಿ, ಸಣ್ಣದೊಂದು ಅಪ್‌ಡೇಟ್ ಎಂದು ಬಿಡುಗಡೆ ಮಾಡಿದ. ಕೂಗು ನಿಂತಿತು. ಎಲ್ಲರೂ ಅವನನ್ನು ಹೊಗಳಿದರು. ಹೊಗಳಿದವರಲ್ಲಿ ನಮ್ಮ ಪ್ರೋಗ್ರಾಮರ್‌ ಕೂಡ ಇದ್ದ. ಯಾವ ಸಾಲು ಹೋಯಿತು ಎಂದು ತೆರೆದು ನೋಡಲಿಲ್ಲ, ಅಷ್ಟೇ.

ತೆರೆದು ನೋಡಿದವನು ಒಬ್ಬನೇ, ಜಗಳಗಂಟ. ಅಪ್‌ಡೇಟ್ ಬಂದ ದಿನವೇ ಕಂಡುಹಿಡಿದ. ದೂರು ಬರೆಯಲು ಹೋದ. ಬ್ಲಾಕ್ ಆಗಿದ್ದವನಿಗೆ ಅದು ಬರೆಯಲು ಬಿಡಲಿಲ್ಲ. ಅವನು ಹಳೆಯ ಕೋಡನ್ನು ನಕಲು ಮಾಡಿಕೊಂಡು, ತಾನು ಕೂಡಿಸಿದ ಫ್ರಿಜ್‌ಗಳಿಗೆಲ್ಲ ಅದನ್ನೇ ಹಾಕಿದ. ಎಲ್ಲರಿಗೂ ತೆರೆದಿಟ್ಟ ಕೋಡಿಗೆ ಅಷ್ಟು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಅವನ ಫ್ರಿಜ್‌ಗಳು ಉಳಿದುಕೊಂಡವು.

ಅವನು ಕೂಡಿಸದ ಫ್ರಿಜ್ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿತ್ತು. ಅದರ ಪ್ಲಗ್ ಸಡಿಲವಾಗಿ ಫ್ರಿಜ್ ನಿಂತಿತು, ಅದೇ ಪ್ಲಗ್ಗಿನ ಥರ್ಮಾಮೀಟರೂ ನಿಂತಿತು. ಆಚೆ ಕೋಣೆಯ ಪರದೆಯ ಮೇಲೆ ಹಸಿರು ಗ್ರಾಫ್ ಮಾತ್ರ ಒಂದೇ ಮಟ್ಟದಲ್ಲಿ ಸಾಗುತ್ತಲೇ ಇತ್ತು. ಕೆಲವು ದಿನ ಕಳೆದ ಮೇಲೆ ಯಾರೋ ಕಂಡು ಪ್ಲಗ್ ಒತ್ತಿ ಹೋದರು. ಫ್ರಿಜ್ ಮತ್ತೆ ತಣ್ಣಗಾಯಿತು. ಲಸಿಕೆ ತೆಗೆಯುವ ಮುಂಚೆ ನರ್ಸಮ್ಮ ಗ್ರಾಫ್ ನೋಡಿದಳು. ನೋಡಬೇಕಾದ್ದನ್ನು ನೋಡಿಯೇ ತೆಗೆದಳು. ಅವಳನ್ನು ಏನೆಂದು ಬೈಯುವುದು?

ಆ ಊರಿನ ಒಬ್ಬ ಕುರಿ ಕಾಯುವವನಿಗೆ ಹುಚ್ಚುನಾಯಿ ಕಚ್ಚಿತ್ತು. ಕರೆದ ದಿನಕ್ಕೆಲ್ಲ ಬಂದು ಅದೇ ಫ್ರಿಜ್‌ನ ಲಸಿಕೆಯ ಸೂಜಿ ಹಾಕಿಸಿಕೊಂಡ. ಬದುಕಲಿಲ್ಲ.

ವಿಚಾರಣೆ ನಡೆಯಿತು. ಗ್ರಾಫಿನ ಹಿಂದೆ ಏನಾಗಿತ್ತು ಎಂಬುದು ಪ್ರೋಗ್ರಾಮರ್‌ನ ಕಿವಿಗೂ ಬಿತ್ತು. ಅವನು ಕೀಲಿಯನ್ನು ಮರಳಿ ಪಡೆದು, ಆ ನಾಲ್ಕು ಸಾಲುಗಳನ್ನು ಮತ್ತೆ ಸೇರಿಸಿ ಬಿಡುಗಡೆ ಮಾಡಿದ. ಆಮೇಲೆ ವಿಳಾಸ ಹುಡುಕಿಕೊಂಡು ಜಗಳಗಂಟನ ಮನೆಗೆ ಹೋದ. ಅವರಿಬ್ಬರೂ ಮುಖ ನೋಡಿದ್ದು ಅದೇ ಮೊದಲು.

'ನಿಮಗೆ ಗೊತ್ತಿತ್ತು. ಒಂದು ಮಾತು ನನಗೆ ಹೇಳಬಾರದಿತ್ತೇ?' ಎಂದ ಪ್ರೋಗ್ರಾಮರ್.

'ಹೇಳಲು ಬಂದೆ. ನೀವು ಬಾಗಿಲು ಹಾಕಿದ್ದಿರಿ,' ಎಂದ ಜಗಳಗಂಟ. ಅಂದು ಅವನ ದನಿಯಲ್ಲಿ ಜಗಳವಿರಲಿಲ್ಲ. 'ಹೇಗಾದರೂ ಮಾಡಿ ಹೇಳಲೇಬೇಕಿತ್ತು. ನನಗೂ ಸಿಟ್ಟು ಬಂತು. ಹಾಳಾಗಿ ಹೋಗಲಿ ಎಂದು ಬಿಟ್ಟೆ. ಹಾಳಾಗಿದ್ದು ಯಾರು ನೋಡಿ.'

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

ಗುರುಗಳು ಇಷ್ಟು ಹೇಳಿ ಕತೆ ನಿಲ್ಲಿಸಿದರು.

ಕತೆಯ ಕುರಿ ಕಾಯುವವನು ಪಂಪಾಪತಿಯ ಕಣ್ಣ ಮುಂದಿಂದ ಸರಿಯಲಿಲ್ಲ. ಆದರೂ ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಅನಿಸಿ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಒಳ್ಳೆಯ ಮಾತಿಗೆ ಮರುಳಾಗಬಾರದು, ಅಲ್ಲವೇ? ಬೈಯುವವನು ಕೋಡನ್ನು ಓದಿರುತ್ತಾನೆ. ಹಾಗಿದ್ದ ಮೇಲೆ ಇದು ಬಗೆಹರಿದ ಹಾಗೆಯೇ.

"ತಿಳಿಯಿತು ಗುರುಗಳೇ," ಎಂದ. "ಹಾಗಾದರೆ ನಾನು ಕೀಲಿಯನ್ನು ಆ ತಕರಾರಿನವನಿಗೇ ಕೊಡಬೇಕು."

ಗುರುಗಳು ಅವನನ್ನೇ ನೋಡಿದರು. ಆ ವಾರವೇ ಕಾಲುವೆಗಳಿಗೆ ನೀರು ಬಿಟ್ಟಿದ್ದರು.

"ಕೀಲಿಯ ಮಾತು ಆಮೇಲೆ ತಮ್ಮಾ, ನಿನ್ನೆ ಮುಚ್ಚಿದೆಯಲ್ಲ, ಆ ದೂರಿನಲ್ಲಿ ಏನಿತ್ತು?"

ಪಂಪಾಪತಿ ಜೇಬಿನಿಂದ ಫೋನ್ ತೆಗೆದ. ಓದದೆ ಮುಚ್ಚಿದ ದೂರನ್ನು ಹುಡುಕತೊಡಗಿದ.